ತೊಳೆದಷ್ಟೂ ಎದ್ದು ಕಂಡ ಮಾತು

"ಏನ್ ಮೇಡಂ, ಅಳಿಸೋಕೆ ಬಂದ್ರೋ, ಇನ್ನೂ ಚೆನ್ನಾಗಿ ಕಾಣೋ ಹಾಗೆ ಮಾಡೋಕೆ ಬಂದ್ರೋ?"

ಅವನು ನನ್ನೊಡನೆ ಆಡಿದ ಮೊದಲ ಮಾತೇ ಇದು. ನನಗೆ ಪಿತ್ತ ನೆತ್ತಿಗೇರಿತು.

ನಾನು ನಗರಸಭೆಯಲ್ಲಿ ಗೋಡೆ ತೊಳೆಯುವವಳು. ನೀರಿನ ಟ್ಯಾಂಕ್ ಹೊತ್ತ ಪುಟ್ಟ ವ್ಯಾನು, ಕೈಯಲ್ಲಿ ರಭಸವಾಗಿ ನೀರು ಚಿಮ್ಮಿಸುವ ಪ್ರೆಶರ್ ಗನ್, ಮೊಣಕಾಲುದ್ದದ ಬೂಟು. ಯಾರಾದರೂ ಗೋಡೆಯ ಮೇಲೆ ಸ್ಪ್ರೇ ಪೇಂಟಿನಲ್ಲಿ ಗೀಚಿದರೆ ಹೋಗಿ ಅಳಿಸುವುದು ನನ್ನ ಕೆಲಸ. ಅವತ್ತು ರೈಲು ಹಳಿಯ ಕೆಳಗಿನ ಅಂಡರ್‌ಪಾಸಿನಲ್ಲಿ ಯಾವನೋ ಬರೆದ ಹೆಸರನ್ನು ಬೆವರು ಸುರಿಸಿ ತೊಳೆದಿದ್ದೆ. ಹಿಂದೆ ಸರಿದು ನೋಡಿದರೆ ಬಣ್ಣವೇನೋ ಹೋಗಿತ್ತು, ಅದರ ಜೊತೆ ಅಡಿಯ ಹಳೇ ಹೊಗೆ ಕೊಳೆಯೂ ಹೋಗಿತ್ತು. ಕಪ್ಪು ಗೋಡೆಯ ನಡುವೆ ಆ ಹೆಸರು ಈಗ ಬೆಳ್ಳಗೆ, ಮೊದಲಿಗಿಂತ ಜೋರಾಗಿ ಕಾಣುತ್ತಿತ್ತು.

"ಇಡೀ ಗೋಡೆ ತೊಳೆದ್ರೆ ಸರಿಹೋಗತ್ತೆ ರೀ. ಅಷ್ಟು ನೀರು ಯಾರು ಕೊಡ್ತಾರೆ, ನೀವಾ?"

"ಹೂಂ, ನಾನೇ. ಅಂಗಡೀಲಿ ನಲ್ಲಿ ಇದೆ."

ಹಾಗೆಂದವನೇ ಪ್ಯಾಂಟು ಮಡಚಿ, ಬ್ರಷ್ ಹಿಡಿದು ಪಕ್ಕಕ್ಕೆ ಬಂದು ನಿಂತೇಬಿಟ್ಟ.

ಅವನು ಕೀಲಿಕೈ ಮಾಡುವವನು. ಅಂಡರ್‌ಪಾಸಿನ ಒಳಗೇ ಅವನ ಅಂಗಡಿ, ಪಕ್ಕದಲ್ಲಿ ಅವನ ದೊಡ್ಡಮ್ಮನ ಪೇಪರ್ ಸ್ಟಾಲು. ನಗುವಾಗ ಅವನಿಗೆ ಒಂದೇ ಹುಬ್ಬು ಮೇಲೇಳುತ್ತದೆ. ಕೆಲಸದ ಮೇಲೆ ಬಂದವಳು ಇದನ್ನೆಲ್ಲ ಗಮನಿಸಬಾರದು. ನಾನು ಗಮನಿಸಿದೆ.

ಗೋಡೆ ಮುಗಿಯುವ ಹೊತ್ತಿಗೆ ಅವನ ಸಂಕಟವೂ ಗೊತ್ತಾಯಿತು. ಗೀಚು ಬರಹ ಕಂಡರೆ ಜನ ಈ ದಾರಿಯಲ್ಲಿ ಓಡಾಡಲು ಹೆದರುತ್ತಾರೆ ಎಂದು ವಾರ್ಡ್ ಆಫೀಸರ್ ನೋಟಿಸ್ ಅಂಟಿಸಿದ್ದರು. ತಿಂಗಳ ಕೊನೆಗೆ ತಪಾಸಣೆ. ಅವತ್ತು ಅಂಗಡಿಗಳ ಮೇಲಾಗಲಿ ಗೋಡೆಯ ಮೇಲಾಗಲಿ ಒಂದೇ ಒಂದು ಗೀಚು ಕಂಡರೂ ಎರಡೂ ಕಡೆ ಇಟ್ಟಿಗೆ ಕಟ್ಟಿ ದಾರಿ ಮುಚ್ಚುತ್ತಾರೆ. ಜೊತೆಗೆ ಅಂಗಡಿಯೂ ಹೋಯಿತು, ಸ್ಟಾಲೂ ಹೋಯಿತು.

ನಾನು ದಿನಾ ಬೆಳಿಗ್ಗೆ ಬರತೊಡಗಿದೆ. ದಿನಾ ಜಗಳ.

"ಬರೆದ ದಿನಾನೇ ಅಳಿಸ್ಬೇಕು. ನಾಲ್ಕು ಜನ ನೋಡೋಕೆ ಮುಂಚೆ ಮಾಯ ಆದ್ರೆ ಬರೆದೋನಿಗೇ ಬೇಜಾರಾಗತ್ತೆ."

"ಬೇಜಾರಾದೋನು ಪಕ್ಕದ ಬೀದಿಗೆ ಹೋಗ್ತಾನೆ, ಅಷ್ಟೇ. ಆ ಕೊನೇ ಗೋಡೇನ ಅವರಿಗೇ ಬಿಟ್ಕೊಡಿ. ಬೇಕಾದ್ದು ಬರ್ಕೊಳ್ಳಲಿ."

"ಕೀಲಿ ಮಾಡೋರು ಬೀಗ ತೆಗೆಯೋ ಮಾತೇ ಆಡೋದು."

"ತೊಳೆಯೋರು ಕಣ್ಣಲ್ಲೇ ಜನಾನ ತೊಳೆದು ಒಣಗಿಸಿಬಿಡ್ತಾರೆ."

"ಎರಡೂ ಮಾಡ್ರಪ್ಪಾ!" ದೊಡ್ಡಮ್ಮ ಸ್ಟಾಲಿನಿಂದಲೇ ಕೂಗಿದರು. "ಪೇಪರ್ ಓದೋರಿಗೆ ನಿಮ್ಮ ಸುದ್ದಿನೇ ಜಾಸ್ತಿ ಆಗಿದೆ."

ಎರಡೂ ಮಾಡಿದೆವು. ಆಫೀಸರನ್ನು ಕಾಡಿ ಬೇಡಿ ಕೊನೆಯ ಗೋಡೆಗೆ ಒಪ್ಪಿಗೆ ತಂದೆವು. ಅಂಗಡಿಯವರು ಸೇರಿ ದೀಪ ಹಾಕಿಸಿದರು. ಸ್ಪ್ರೇ ಡಬ್ಬಿ ಹಿಡಿದ ಕಾಲೇಜು ಹುಡುಗಿಯರು ಬಂದರು, ಹಿಂದೆಯೇ ಒಬ್ಬ ಬಸ್ ಕಂಡಕ್ಟರೂ ಬಂದು ಕುದುರೆ ಬಿಡಿಸಿದ. ದೊಡ್ಡಮ್ಮ ಅಲ್ಲೇ ಸ್ಟೂಲು ಹಾಕಿಕೊಂಡು ಕೂತರು. "ಕುದುರೆಗೆ ಐದು ಕಾಲು ಯಾಕಪ್ಪಾ?" ಎಂದು ಕೇಳಿದರೆ, "ಓಡ್ತಾ ಇದೆ ಅಮ್ಮಾ" ಎಂದ ಕಂಡಕ್ಟರು. ಉಳಿದ ಗೋಡೆಗಳಿಗೆ ಯಾರೂ ಕೈ ಹಚ್ಚಲಿಲ್ಲ. ಹಚ್ಚಿದ ಒಬ್ಬಿಬ್ಬರಿಗೆ ನಾನಿದ್ದೆ.

ಒಂದು ಬೆಳಿಗ್ಗೆ ನನ್ನ ರೆಪ್ಪೆಯ ಮೇಲೆ ನೀರ ಹನಿ ನಿಂತಿತ್ತು. ಎರಡೂ ಕೈಯಲ್ಲಿ ಗನ್ ಹಿಡಿದಿದ್ದೆ. ಅವನು ಒರೆಸಲೆಂದು ಬೆರಳೆತ್ತಿದ, ನನ್ನ ಮುಖದ ಹತ್ತಿರ ತಂದ, ಮತ್ತೆ ಅದೇ ಬೆರಳಿನಿಂದ ತನ್ನ ಕಿವಿ ಕೆರೆದುಕೊಂಡ. ಹನಿ ತಾನಾಗಿಯೇ ಬಿತ್ತು. ಅಂದೆಲ್ಲ ನನಗೆ ಕೆಲಸದ ಮೇಲೆ ಗಮನವಿರಲಿಲ್ಲ.

ಗೋಡೆ ಅಷ್ಟು ಚೊಕ್ಕಟವಾದ ಮೇಲೆ ಅಲ್ಲಿ ನನಗೇನು ಕೆಲಸ? ನನ್ನನ್ನು ಊರಿನ ಇನ್ನೊಂದು ತುದಿಗೆ ಹಾಕಿದರು. ಹೇಳಲು ಹೋದಾಗ ಅವನು "ಒಳ್ಳೇದಾಯ್ತು" ಎಂದ. ನಾನೂ "ಹೂಂ, ಒಳ್ಳೇದಾಯ್ತು" ಎಂದೆ. ಇಬ್ಬರ ಮುಖದಲ್ಲೂ ಒಳ್ಳೆಯದಾದ ಕಳೆ ಇರಲಿಲ್ಲ. ದೊಡ್ಡಮ್ಮ ಹಣೆ ಹಣೆ ಚಚ್ಚಿಕೊಂಡರು.

ಆಮೇಲಿನ ದಿನಗಳಲ್ಲಿ ಎಷ್ಟೋ ಗೋಡೆ ತೊಳೆದೆ. ಯಾರೂ ಜಗಳಕ್ಕೆ ಬರಲಿಲ್ಲ. ಅವನಿಲ್ಲದ ಬೆಳಿಗ್ಗೆ ನನಗೆ ಬೇಡವಾಗಿತ್ತು. ಇಷ್ಟು ಸರಳವಾದ ವಿಷಯ ಅರ್ಥವಾಗಲು ಊರಾಚೆ ಹೋಗಬೇಕಾಯಿತು.

ಹಾಗಿರುವಾಗ ಒಂದು ಬೆಳಿಗ್ಗೆ ಆಫೀಸಿನಿಂದ ಫೋನು. "ಅಂಡರ್‌ಪಾಸಲ್ಲಿ ಕೀಲಿ ಅಂಗಡಿ ಶಟರ್ ಮೇಲೆ ಯಾರೋ ಬರೆದಿದಾರಂತೆ. ಮಾಲೀಕರೇ ಕಂಪ್ಲೇಂಟ್ ಕೊಟ್ರು. ನೀನೇ ಬರ್ಬೇಕಂತೆ. ಬೇಗ ಹೋಗು, ಸಾಹೇಬ್ರು ತಪಾಸಣೆ ಇವತ್ತೇ ಇಟ್ಕೊಂಡಿದಾರೆ, ಆಗ್ಲೇ ಹೊರಟ್ರು."

ವ್ಯಾನು ಹೇಗೆ ಓಡಿಸಿದೆನೋ ನನಗೇ ತಿಳಿಯದು.

ಇನ್ನೂ ತೆರೆಯದ ಶಟರಿನ ಮೇಲೆ ಉದ್ದಗಲಕ್ಕೂ ಕೆಂಪು ಅಕ್ಷರ:

ಇದನ್ನು ಅಳಿಸೋಕೆ ಅವಳೇ ಬರಬೇಕು. ಬಂದರೆ ವಾಪಸ್ ಕಳಿಸಲ್ಲ.

ಅವನು ಪಕ್ಕದಲ್ಲೇ ನಿಂತಿದ್ದ, ಕೈ ಬೆನ್ನ ಹಿಂದೆ.

"ಯಾರು ಬರೆದಿದ್ದು?"

"ಯಾವನೋ ಪೋಕರಿ."

"ಕೈ ತೋರಿಸಿ."

ತೋರಿಸಿದ. ಬೆರಳೆಲ್ಲ ಕೆಂಪು. ನನಗೆ ನಗು, ಅಳು, ಸಿಟ್ಟು ಒಟ್ಟಿಗೇ ಬಂದವು. ಮೊದಲು ಬಾಯಿಗೆ ಬಂದದ್ದು ಸಿಟ್ಟು. "ಬುದ್ಧಿ ಇದೆಯಾ ನಿಮಗೆ? ತಪಾಸಣೆ ಇವತ್ತು! ಸಾಹೇಬ್ರು ದಾರೀಲಿದಾರೆ!"

ಅವನ ಹುಬ್ಬು ಕೆಳಗಿಳಿಯಿತು. "ಮುಂದಿನ ವಾರ ಅಲ್ವಾ?"

ಮಾತಾಡಲು ಹೊತ್ತಿರಲಿಲ್ಲ. ಗನ್ ಎತ್ತಿದೆ. ಬಣ್ಣ ಇನ್ನೂ ಹಸಿ, ಕೆಂಪು ನೀರಾಗಿ ಇಳಿಯಿತು. ಒಬ್ಬ ಗಂಡಸು ನನಗೆಂದು ಬರೆದ ಮಾತನ್ನು ಒಂದೊಂದೇ ಅಕ್ಷರವಾಗಿ ನನ್ನ ಕೈಯಾರೆ ತೊಳೆಯುತ್ತಿದ್ದೆ. ಕೊನೆಯ ಅಕ್ಷರವೂ ಹೋಯಿತು. ಹಿಂದೆ ಸರಿದೆ.

ಅಯ್ಯೋ!

ಬಾಗಿಲು ತೆರೆದಾಗೆಲ್ಲ ಸುತ್ತಿಕೊಂಡು ಮೇಲೆ ಕೂರುವ ಆ ಶಟರನ್ನು ಹಾಕಿಸಿದಾಗಿನಿಂದ ಯಾರೂ ತೊಳೆದಿರಲಿಲ್ಲ. ಬಣ್ಣದ ಜೊತೆ ಅಡಿಯ ಧೂಳೂ ಎದ್ದುಹೋಗಿ, ಕಪ್ಪು ತಗಡಿನ ಮೇಲೆ ಅದೇ ಎರಡು ಸಾಲು ಬೆಳ್ಳಿಯ ಹಾಗೆ ಫಳಫಳ ಹೊಳೆಯುತ್ತಿದ್ದವು. ಆತುರದಲ್ಲಿ ಅಕ್ಷರದ ಗುಂಟವೇ ಗನ್ ಆಡಿಸಿದ್ದೆ.

"ಏನಿದು?"

ಆಫೀಸರ್. ನಿಂತು ಜೋರಾಗಿ ಓದಿದರು. "ಕಳಿಸಲ್ಲ" ಎಂಬಲ್ಲಿ ಅವರ ದನಿಯೇ ಮೆತ್ತಗಾಯಿತು.

"ಯಾರು ಬರೆದಿದ್ದು?"

"ಈಗ ಬರಹ ಇಲ್ಲ ಸರ್," ಎಂದೆ. "ತೊಳೆದಿರೋದು."

ಅವರು ಹೊಳೆಯುವ ಅಕ್ಷರ ಮುಟ್ಟಿದರು, ಬೆರಳು ಶುಭ್ರ. ಪಕ್ಕದ ತಗಡು ಮುಟ್ಟಿದರು, ಬೆರಳು ಕಪ್ಪು. "ಬಣ್ಣ, ಮಸಿ, ಗೀರು ಇರಬಾರದು ಅಂತ ನಿಯಮ," ಎಂದು ತಮಗೇ ಹೇಳಿಕೊಂಡರು. "ಕೊಳೆ ಇಲ್ಲದಿರೋದಕ್ಕೆ ಏನು ಬರ್ಕೊಳ್ಳಲಿ?"

ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು. "ಶಟರ್ ನಮ್ದು ಸ್ವಾಮಿ, ಕೊಳೆ ನಮ್ದು. ತೊಳೆದ ಹುಡುಗೀನೂ ನಮ್ಮೋಳೇ. ನಿಮಗೇನು ಕಷ್ಟ?"

ಆಫೀಸರ್ ನನ್ನ ಒದ್ದೆ ಬೂಟು ನೋಡಿದರು, ಅವನ ಕೆಂಪು ಬೆರಳು ನೋಡಿದರು. ಮೀಸೆಯಡಿ ನಕ್ಕರು. ದಾರಿಯುದ್ದಕ್ಕೂ ನಡೆದು, ಐದು ಕಾಲಿನ ಕುದುರೆಯ ಮುಂದೆ ಸ್ವಲ್ಪ ಹೊತ್ತು ನಿಂತು ವಾಪಸಾದರು.

"ದಾರಿ ಇರಲಿ. ಗೋಡೆಗಳನ್ನ ನೀವೇ ನೋಡ್ಕೊಳ್ಳಿ, ನೀರು ನಾವು ಕೊಡ್ತೀವಿ. ಈಯಮ್ಮನ್ನೂ ಈ ಕಡೆಗೇ ಹಾಕ್ತೀನಿ. ಈ ಶಟರ್ ಮಾತ್ರ ಪೂರ್ತಿ ತೊಳೆದುಬಿಡಿ."

ಅವರು ಹೋದ ಮೇಲೆ ಅವನು ಮೆಲ್ಲಗೆ ಕೇಳಿದ. "ಪೂರ್ತಿ ತೊಳೀತೀರಾ?"

ನಾನು ಗನ್ನಿನ ತುದಿಗೆ ಸಣ್ಣ ನಾಜಲ್ ಹಾಕಿದೆ. ಅವನ ಸಾಲಿನ ಕೆಳಗೆ ಉಳಿದಿದ್ದ ಕೊಳೆಯ ಮೇಲೆ ನೀರಿನಿಂದ ಬರೆದೆ: ಬಂದಿದ್ದೀನಿ.

ಅವನು ಓದಿದ. ಹುಬ್ಬು ಮೇಲೆ ಹೋಯಿತು, ಈ ಸಲ ಎರಡೂ. ನಾನು ವ್ಯಾನಿನ ಕೀಲಿ ತೆಗೆದು ಅವನ ಅಂಗೈಯಲ್ಲಿಟ್ಟೆ. "ಕಳಿಸಲ್ಲ ಅಂದ್ಯಲ್ಲ, ಇಟ್ಕೋ."

ಅವನು ಕೀಲಿಯನ್ನೂ ಹಿಡಿದ, ನನ್ನ ಕೈಯನ್ನೂ ಹಿಡಿದ.

"ಮೊದ್ಲು ಕೈ ತೊಳ್ಕೊಳ್ಳೋ!" ದೊಡ್ಡಮ್ಮ ಕೂಗಿದರು.

ಆಗಲೇ ನನ್ನ ಅಂಗೈಯೂ ಕೆಂಪಾಗಿತ್ತು. ಕಲೆ ತೆಗೆಯುವುದೇ ನನ್ನ ಕೆಲಸ. ಅವತ್ತು ಸಂಜೆಯವರೆಗೂ ನಾನು ಕೈ ತೊಳೆಯಲಿಲ್ಲ.