ಮಹಾದೇವಿ ಓದಿ ಹೇಳಿದ ಪತ್ರಗಳು

“ಪತ್ರ ಕೊಡ ಮಹಾದೇವಿ! ನನ್ನ ಮಗನ ಮಾತು ನಾಕು ಮಂದಿ ಕೇಳಿದ್ರ ನಿನಗ್ಯಾಕ ಹೊಟ್ಟಿಯುರಿ?”

ಅತ್ತೆ ಮುದುಕವ್ವನ ಕೂಗಿಗೆ ಸಿಂಗಸಂದ್ರದ ಆ ಬಾಡಿಗೆ ಮನೆಗಳ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಮಹಾದೇವಿ ಐದು ಪತ್ರಗಳನ್ನು ಎದೆಗವಚಿಕೊಂಡು ಗೋಡೆಗೊರಗಿ ನಿಂತಿದ್ದಳು. ಹೊಸ್ತಿಲಾಚೆ ಟಿವಿ ವರದಿಗಾರ ಲಿಖಿತ್ ಕ್ಯಾಮೆರಾ ಸಿದ್ಧಪಡಿಸುತ್ತಿದ್ದ.

“ಅಕ್ಕಾ, ಹತ್ತೇ ನಿಮಿಷ. ಲೈವಲ್ಲಿ ಪೂರ್ತಿ ಓದ್ಬಿಡಿ, ಅಮ್ಮ ಪಕ್ಕದಲ್ಲಿ ಕೂತಿರ್ಲಿ. ಇಡೀ ರಾಜ್ಯ ನೋಡತ್ತೆ!”

“ಓದ್ತಾಳ ತಮ್ಮಾ. ಅವ್ವನ ಮಣಕಾಲ ನೋವು ಕೇಳಾಂವ ಕೊಲೆಗಾರ ಹೆಂಗಾದಾನು, ಮಂದೀನ ಹೇಳಲಿ!”

ಮುದುಕವ್ವನ ಕಿರಿಯ ಮಗ ರೇವಣಸಿದ್ದ, ಕಾರ್ಖಾನೆಯೊಂದರ ಬಸ್ಸಿಗೆ ಬಾಂಬಿಟ್ಟು ಮೂವರು ಕೆಲಸಗಾರರನ್ನು ಕೊಂದ ಗುಂಪಿನವನು, ಈಗ ಜೈಲಿನಲ್ಲಿದ್ದ. ಅವನ ಪತ್ರಗಳನ್ನು ಸಂಗಡಿಗನೊಬ್ಬ ಗುಟ್ಟಾಗಿ ತಂದುಕೊಡುತ್ತಿದ್ದ. ಓದು ಬಾರದ ಅತ್ತೆಗೆ ಓದಿ ಹೇಳುತ್ತಿದ್ದವಳು ಹಿರಿಯ ಸೊಸೆ ಮಹಾದೇವಿ. ಮೊದಲ ಪತ್ರ ಬಂದಾಗ ಮುದುಕವ್ವ ಅನ್ನ ಬಿಟ್ಟು ಮೂರು ದಿನವಾಗಿತ್ತು... ಅದರಲ್ಲಿ ತಾಯಿಯ ಹೆಸರೇ ಇರಲಿಲ್ಲ! ಇದ್ದದ್ದು ಕೊಂದದ್ದೇ ಸರಿಯೆಂಬ ವಾದ, ಇನ್ನೂ ಕೊಲ್ಲಿರೆಂಬ ಕರೆ. ಆ ಬಾಡಿದ ಮುಖ ನೋಡಲಾರದೆ ಮಹಾದೇವಿ ತಾನೇ ಕಟ್ಟಿ ಓದಿದ್ದಳು: “ಅವ್ವಾ, ಮಣಕಾಲ ನೋವು ಹೆಂಗದ? ಹೊತ್ತಿಗಿ ಸರಿಯಾಗಿ ಉಣ್ಣು.” ಮುಂದಿನ ನಾಲ್ಕನ್ನೂ ಹಾಗೆಯೇ ಓದಿದಳು. ತಾನು ದುಡಿಯುವ ಕಾರ್ಖಾನೆಯಲ್ಲಿ ಮಾಲಿನ ಕೂದಲೆಳೆಯಷ್ಟು ದೋಷವನ್ನೂ ಹಿಡಿದು ಪಕ್ಕಕ್ಕಿಡುವ ಅವಳ ಕಣ್ಣಿಗೆ, ತನ್ನ ಸುಳ್ಳು ಎಲ್ಲಿಗೆ ಮುಟ್ಟೀತೆಂಬುದು ಮಾತ್ರ ಕಂಡಿರಲಿಲ್ಲ. ಮುದುಕವ್ವ ಅದನ್ನು ಓಣಿಯೆಲ್ಲ ಹೇಳಿಕೊಂಡಳು. ಸುದ್ದಿ ಟಿವಿಯವರೆಗೂ ಹೋಯಿತು. ಈಗ ಸುಳ್ಳನ್ನೇ ಓದಿದರೆ ಕೊಲೆಗಾರ ಸಾಧುವಾಗುತ್ತಾನೆ; ನಿಜವನ್ನು ಓದಿದರೆ ಅವನ ವಿಷ ಮನೆಮನೆಗೆ ಇಳಿಯುತ್ತದೆ...

ಮಹಾದೇವಿ ಬಾಗಿಲು ಹಾಕಿ ಅತ್ತೆಯ ಮುಂದೆ ಕುಳಿತಳು.

“ಅತ್ತಿ... ಇದರಾಗ ನಿಮ್ಮ ಸುದ್ದೀನ ಇಲ್ಲರಿ. ನೋವು ಕೇಳಿದಾಕಿ ನಾನು!”

“ಸುಳ್ಳು! ಹಂಗಾರ ಇದ್ದದ್ದು ಇದ್ದಂಗ ಓದು!”

ಮಹಾದೇವಿ ತಗ್ಗಿದ ದನಿಯಲ್ಲಿ ಓದಿದಳು. ಎರಡನೆಯ ಪುಟ ಮುಗಿಯುವ ಮೊದಲೇ ಮುದುಕವ್ವನ ಅಂಗೈ ಕಾಗದವನ್ನು ಮುಚ್ಚಿತು.

“ಸಾಕು... ಆ ಬಸ್ಸಿನ್ಯಾಗ ನಿನ್ನಂಗ ಕಾರ್ಖಾನಿಗಿ ಹೋಗಾಕಿನೂ ಇದ್ಳೇನು?”

“ಇಬ್ಬರಿದ್ರು, ಅತ್ತಿ.”

ಮುದುಕವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಬಾಗಿಲು ತೆರೆದಳು.

“ತಮ್ಮಾ, ನಿನ್ನ ಸಾಮಾನು ಕಟ್ಟು.”

“ಅಮ್ಮಾ, ನಿಮ್ ಮಗನ ಪರ ಮಾತಾಡೋಕೆ ಇಂಥ ಚಾನ್ಸು ಮತ್ತೆ ಸಿಗಲ್ಲ!”

“ಸತ್ತವರ ಅವ್ವಂದಿರೂ ಟಿವಿ ಮುಂದ ಕುಂತಿರ್ತಾರ. ಅವರಿಗಿ ಇದನ್ನ ಕೇಳಸ್ತಿಯೇನು? ಅವನ ಮಾತು ಕೇಳಾಕ ಹಡದಾಕಿ ನಾ ಒಬ್ಬಾಕಿ ಸಾಕು!”

“ನಾವಲ್ದಿದ್ರೆ ಬೇರೆ ಚಾನೆಲ್‌ನೋರು ಬರ್ತಾರೆ ಬಿಡಿ.”

“ಬರಲಿ. ಅವರಿಗೂ ಇದ ಬಾಗಿಲಾ!” ಎಂದವಳೇ ಧಡಾರನೆ ಕದ ಹಾಕಿಕೊಂಡಳು.

ಆ ಮಧ್ಯಾಹ್ನ ಅತ್ತೆ ಸೊಸೆಯರಿಬ್ಬರೂ ಠಾಣೆಗೆ ಹೋಗಿ, ಐದೂ ಪತ್ರಗಳನ್ನು ಒಪ್ಪಿಸಿ, ತಂದುಕೊಟ್ಟವನ ಹೆಸರನ್ನೂ ಹೇಳಿ ಬಂದರು. ಮನೆಗೆ ಬಂದೊಡನೆ ಮುದುಕವ್ವ ಒಂದು ಹಾಳೆ ತರಿಸಿದಳು.

“ಬರಿ. ರೇವಣ್ಯಾ, ನಿನ್ನ ಮಾತು ಟಿವ್ಯಾಗ ಬರಲಿಲ್ಲ. ನಾನ ಬ್ಯಾಡಂದೆ. ಸೋಮವಾರ ಬರ್ತೀನಿ. ಸತ್ತ ಆ ಮೂರು ಮಂದಿ ಹೆಸರು ನನ್ನ ಮುಂದ ಹೇಳು. ಆಮ್ಯಾಲ ನನ್ನ ಅವ್ವಾ ಅನ್ನು.”

ಮಹಾದೇವಿಯ ಪೆನ್ನು ತಡೆದು ನಿಂತಿತು. ಇಷ್ಟು ಕಠೋರವಾಗಿಯೇ...?

ಮುದುಕವ್ವ ಅವಳ ತಲೆಯ ಮೇಲೆ ಕೈಯಿಟ್ಟಳು.

“ಈ ಸಲ ನಾ ಹೇಳಿದ್ದಷ್ಟ ಬರಿ, ಮಗಳ.”