ಕಿಟಕಿಯಿಲ್ಲದ ಮನೆಗೊಂದು ಚಿಲಕ

ಅವನನ್ನು ಅವಳು ಮೊದಲ ಸಲ ನೋಡಿದ್ದು ಕಂಪ್ಯೂಟರಿನ ಪರದೆಯಲ್ಲಿ. ಅವನು ಬಾಗಿಲು ತಟ್ಟುತ್ತಿದ್ದ. ಬಾಗಿಲು ಗುಡ್ಡದ ಮೇಲಿತ್ತು. ಅವಳು ಊರೊಳಗೆ, ಅತ್ತಿಗೆಯ ಟೈಲರಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತಿದ್ದಳು.

ಒಪ್ಪವಾಗಿ ಬಾಚಿದ ತಲೆ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಾಗದ ಸುತ್ತಿದ ಪೊಟ್ಟಣ. ಇಷ್ಟು ದಿನ ದನಿ ಮಾತ್ರ ಪರಿಚಯವಿದ್ದ ಬಡಗಿ... ಇಷ್ಟು ಎತ್ತರ ಇದ್ದಾನಾ!

"ಗುಡ್ಡದವ್ರೇ," ಹೆಡ್‌ಫೋನಿನಲ್ಲಿ ಅವನ ದನಿ ಬಂತು. ಅಂಗೈಯಗಲದ ರೇಡಿಯೊ ಸೆಟ್ಟನ್ನು ಬಾಯಿಗೆ ಹಿಡಿದಿದ್ದ. "ಹೇಳ್ದೆ ಕೇಳ್ದೆ ಬಂದ್ಬಿಟ್ಟೆ, ಬೈಬೇಡಿ. ನಿಮ್ಮ ಬಾಗಿಲಲ್ಲೇ ಇದೀನಿ."

ಅವಳ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು.

ಈ ಪೇಚಿಗೆಲ್ಲ ಕಾರಣ ಅವಳದೇ ನಾಲಿಗೆ. ಗುಡ್ಡದ ಮೇಲಿರುವುದು ಹವ್ಯಾಸಿ ರೇಡಿಯೊ ಸಂಘದ, ಅಂದರೆ ರೇಡಿಯೊದಲ್ಲಿ ಪರಸ್ಪರ ಮಾತಾಡುವ ಹವ್ಯಾಸದವರ, ಕೇಂದ್ರ. ಒಂದು ಪುಟ್ಟ ಕೋಣೆ, ಅದರ ನೆತ್ತಿಯ ಮೇಲೆ ದೊಡ್ಡ ಆಂಟೆನಾ, ಒಳಗೆ ಯಂತ್ರಗಳು, ಕಾವಲಿಗೊಂದು ಕ್ಯಾಮೆರಾ. ಮನುಷ್ಯರು ಯಾರೂ ಇರುವುದಿಲ್ಲ. ಲೈಸೆನ್ಸ್ ಇರುವ ಸದಸ್ಯರು ಮನೆಯಲ್ಲೇ ಕೂತು ಇಂಟರ್‌ನೆಟ್ಟಿನಲ್ಲಿ ಅದನ್ನು ನಡೆಸುತ್ತಾರೆ, ಅವಳೂ ಹಾಗೆಯೇ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಆದರೆ ರೇಡಿಯೊದಲ್ಲಿ ಪರಿಚಯವಾದ ಮೊದಲ ಸಂಜೆ ಅವನು "ಎಲ್ಲಿಂದ ಮಾತಾಡ್ತಿದೀರಿ?" ಎಂದಾಗ ಇವಳು "ಗುಡ್ಡದ ಮೇಲಿಂದ" ಎಂದಳು. ಅಲ್ಲಿಗೆ ನಿಲ್ಲಿಸಿದ್ದರೆ ಅರ್ಧ ಸತ್ಯವಾದರೂ ಉಳಿಯುತ್ತಿತ್ತು. "ಅಲ್ಲೇ ಇರೋದಾ?" ಎಂದ. "ಹೂಂ, ಸ್ವಂತ ಮನೆ" ಎಂದುಬಿಟ್ಟಳು.

ಮದುವೆ ಮುರಿದುಕೊಂಡು ಅಣ್ಣನ ಮನೆ ಸೇರಿ, ಅತ್ತಿಗೆ ಹೊಲಿದ ಅಂಗಿಗಳಿಗೆ ಗುಂಡಿ ಹಾಕುತ್ತಾ, ಬಟ್ಟೆ ಗಂಟುಗಳ ನಡುವೆ ಮಲಗುವವಳು ನಾನು ಎಂದು ಹೇಗೆ ಹೇಳುವುದು? ಬರೀ ದನಿಗೆ ಯಾವ ವಿಳಾಸವಾದರೇನು ಅಂದುಕೊಂಡಳು. ಆಮೇಲೆ ಬಾಯಿಗೆ ಬೀಗವೇ ಇಲ್ಲ. ಗಾಳಿಗೆ ನಮ್ಮ ಕಿಟಕಿ ರಾತ್ರಿಯೆಲ್ಲಾ ಬಡ್ಕೊಳ್ಳತ್ತೆ, ನಿದ್ದೇನೇ ಬರಲ್ಲ ಅಂತಲೂ ಹೇಳಿದ್ದಳು. ಪಾಪ, ಬಡಗಿ ಅಷ್ಟನ್ನೂ ನಂಬಿದ್ದ.

ಪರದೆಯಲ್ಲಿ ಅವನು ಪೊಟ್ಟಣ ಬಿಚ್ಚಿದ. ಒಳಗೆ ಮರದ ಚಿಲಕ. ಕೈಯಾರೆ ಕೆತ್ತಿ, ಉಜ್ಜಿ, ಹೊಳಪು ಕೊಟ್ಟದ್ದು.

ಅದನ್ನು ಹಿಡಿದುಕೊಂಡು ಕಿಟಕಿ ಹುಡುಕಲು ಹೊರಟ. ಕೋಣೆಗೆ ಒಂದು ಸುತ್ತು ಬಂದ. ನಿಂತು ಗೋಡೆ ನೋಡಿದ. ಮತ್ತೊಂದು ಸುತ್ತು ಬಂದ. ಆ ಕೋಣೆಗೆ ಕಿಟಕಿಯೇ ಇರಲಿಲ್ಲ.

'ಮಾತಾಡು... ಏನಾದರೂ ಹೇಳೇ' ಎಂದು ಮನಸ್ಸು ಹೊಡೆದುಕೊಂಡಿತು. ಮಾತಾಡುವ ಬದಲು, ನೋಡಲಾರದೆ ಕ್ಯಾಮೆರಾ ಆರಿಸಲು ಹೋದವಳು, ಕೈ ತಪ್ಪಿ ಪಕ್ಕದ ಬಟನ್ ಒತ್ತಿಬಿಟ್ಟಳು.

ಗುಡ್ಡದ ಮೇಲೆ ಆಂಟೆನಾ ಕಿರ್ರೆಂದು ತಿರುಗತೊಡಗಿತು.

ಅವನು ತಲೆಯೆತ್ತಿದ. ತೆರೆಯದ ಬಾಗಿಲು ನೋಡಿದ, ತಾನೇ ತಿರುಗುವ ಆಂಟೆನಾ ನೋಡಿದ, ಕೊನೆಗೆ ಕ್ಯಾಮೆರಾವನ್ನು ನೇರವಾಗಿ ನೋಡಿದ.

"ಓ... ನೋಡ್ತಾನೇ ಇದೀರಾ," ಎಂದಷ್ಟೇ ಹೇಳಿ, ಚಿಲಕವನ್ನು ಮತ್ತೆ ಕಾಗದದಲ್ಲಿ ಸುತ್ತಿಕೊಂಡು ಗುಡ್ಡ ಇಳಿದ.

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು ಅವಳಿಗೆ.

ಆ ವಾರವೆಲ್ಲ ಅವಳು ಹೆಡ್‌ಫೋನ್ ಮುಟ್ಟಲಿಲ್ಲ.

"ಏನೇ, ರೇಡಿಯೊ ಕೆಟ್ಟೋಯ್ತಾ?" ಅತ್ತಿಗೆ ಕೇಳಿದಳು.

"ಇಲ್ಲ ಅತ್ತಿಗೆ. ನಾನೇ ಕೆಡಿಸ್ಕೊಂಡೆ." ಎಲ್ಲವನ್ನೂ ಹೇಳಿದಳು.

ಅತ್ತಿಗೆಯ ಮೆಷಿನ್ ನಿಂತಿತು. "ನಮ್ಮನೇಲಿರೋದು ನಿಂಗೆ ಅಷ್ಟು ಅವಮಾನಾನಾ?"

ಅನ್ನ ಹಾಕಿದವಳ ಮನಸ್ಸನ್ನೂ ನೋಯಿಸಿದ್ದಾಯಿತು. ತಲೆ ತಗ್ಗಿಸಿ ಅತ್ತಳು.

"ಸಾಕು, ಅಳ್ಬೇಡ," ಅತ್ತಿಗೆಯ ದನಿ ಇಳಿಯಿತು. "ನನ್ನ ಹತ್ರ ಅತ್ರೆ ಏನ್ ಬಂತು? ಗುಂಡಿ ತಪ್ಪಾಗಿ ಹೊಲಿದ್ರೆ ಏನ್ ಮಾಡ್ತೀಯ? ಬಿಚ್ಚಿ ಹೊಲೀತೀಯ ತಾನೆ? ಹೋಗು, ಅವ್ರಿಗೇ ಹೇಳು."

ರೇಡಿಯೊದಲ್ಲಿ ಗುಟ್ಟೆಂಬುದಿಲ್ಲ, ಒಬ್ಬರಿಗೆ ಹೇಳಿದ್ದು ಕಿವಿಗೊಟ್ಟವರಿಗೆಲ್ಲ ಕೇಳುತ್ತದೆ. ಅದು ಗೊತ್ತಿದ್ದೂ ಆ ಸಂಜೆ, ಅವರಿಬ್ಬರ ಮಾಮೂಲಿ ಹೊತ್ತಿಗೆ, ಅವಳು ಮಾತಾಡಿದಳು.

"ಬಡಗಿಯವ್ರೇ, ನಾನು ಗುಡ್ಡದವಳಲ್ಲ. ಅಣ್ಣನ ಮನೇಲಿದೀನಿ. ಅಂಗಿಗೆ ಗುಂಡಿ ಹೊಲೀತೀನಿ. ನಿಮ್ಮ ಮುಂದೆ ದೊಡ್ಡೋಳಾಗ್ಬೇಕು ಅನ್ನಿಸ್ತು, ಸುಳ್ಳು ಹೇಳ್ದೆ. ತುಂಬಾ ನಾಚಿಕೆ ಆಗ್ತಿದೆ... ಉತ್ತರ ಕೊಡ್ಲೇಬೇಕು ಅಂತೇನಿಲ್ಲ."

ಹೆಡ್‌ಫೋನಿನಲ್ಲಿ ಬರೀ ಗೊರಗೊರ ಸದ್ದು.

ಎಲ್ಲಿಂದಲೋ ಒಬ್ಬ ಅಜ್ಜ ಕೆಮ್ಮಿ ನಡುವೆ ಬಾಯಿ ಹಾಕಿದ. "ಲೋ ಬಡಗಿ, ನೀನು ಕೇಳಿಸ್ಕೊಳ್ತಿದೀಯ ಅಂತ ನಂಗೊತ್ತು. ಬಾಯಿಗೆ ಬೆಣೆ ಹೊಡ್ಕೊಂಡಿದೀಯೇನೋ?"

ಆಗ ಬಡಗಿಯ ದನಿ ಬಂತು. "ಸುಳ್ಳಿಗೆ ಬೇಜಾರಿಲ್ಲ. ನಾನು ಪೆದ್ದನ ಹಾಗೆ ಕಿಟಕಿ ಹುಡುಕ್ತಿದ್ದೆ, ನೀವು ಸುಮ್ನೆ ನೋಡ್ತಾ ಕೂತಿದ್ರಿ. ಅದಕ್ಕೆ ನೋವಾಯ್ತು."

"ನನ್ನ ಮುಖ ನಂಗೇ ನೋಡ್ಕೊಳ್ಳೋಕಾಗ್ತಿಲ್ಲ. ಕ್ಷಮಿಸಿ."

ಮುಗಿಯಿತು ಅಂದುಕೊಂಡು ಹೆಡ್‌ಫೋನ್ ತೆಗೆಯಹೋದಳು.

"ಈಗಿರೋ ಮನೆಗೆ ಕಿಟಕಿ ಇದ್ಯಾ?"

"ಒಂದಿದೆ."

"ವಿಳಾಸ ಹೇಳಿ."

"ಹೇಳಮ್ಮ," ಎಂದ ಅಜ್ಜ. "ನಾವ್ಯಾರೂ ಬರ್ಕೊಳ್ಳಲ್ಲ."

ಭಾನುವಾರ ಅವನು ಬಂದ. ಬಟ್ಟೆ ಗಂಟುಗಳನ್ನು ಎಲ್ಲಾದರೂ ಅಡಗಿಸಿಡೋಣ ಎಂದು ಅವಳ ಕೈ ಚಡಪಡಿಸಿತ್ತು, ಇದ್ದಲ್ಲೇ ಬಿಟ್ಟಳು. ಅವನು ಗಂಟುಗಳನ್ನು ದಾಟಿ ಹೋಗಿ ಕಿಟಕಿಗೆ ಚಿಲಕ ಹಿಡಿದು ನೋಡಿದ. ಅವಳು ತಲೆ ತಗ್ಗಿಸಿ ನಿಂತಿದ್ದಳು.

"ಇದಾದ್ರೂ ಗಾಳಿಗೆ ಬಡ್ಕೊಳ್ಳತ್ತಾ?"

ಹೂಂ ಎಂದಿದ್ದರೆ ಎಷ್ಟು ಸುಲಭವಿತ್ತು!

"ಇಲ್ಲ," ಎಂದಳು. "ಇದರ ಚಿಲಕ ಗಟ್ಟಿಯಾಗೇ ಇದೆ."

ಅವನು ನಕ್ಕ. "ಹಾಗಾದ್ರೆ ಇದನ್ನ ನಮ್ಮನೆಗೇ ಹಾಕ್ಬೇಕು. ಬಡಗಿ ಮನೆ ನೋಡಿ, ಒಂದು ಕಿಟಕಿಗೂ ಚಿಲಕ ಇಲ್ಲ. ರಾತ್ರಿಯೆಲ್ಲಾ ಬಡ್ಕೊಳ್ಳತ್ತೆ. ಒಬ್ನೇ ಇರ್ತೀನಿ, ನಿದ್ದೆ ಬರಲ್ಲ... ಬರ್ತೀರಾ?"

ಅವಳು ತಲೆಯೆತ್ತಿ ಅವನ ಮುಖ ನೋಡಿದಳು.

"ನಿಜಾನಾ, ಸುಳ್ಳಾ?"

"ಬಂದು ಮನೆ ಸುತ್ತು ಹಾಕಿ ನೋಡಿ," ಎಂದ. "ನಾನಾದ್ರೆ ಬಾಗಿಲು ತೆಗೀತೀನಿ."