ಮೂರನೆಯ ಫ್ಲಾಪಿ

ತೀರಿಕೊಂಡ ತಮ್ಮ ವಿರೇಶನ ಹಳೆಯ ಕಂಪ್ಯೂಟರು ನಮ್ಮ ಮಸ್ಕಿಯ ಮನೆಯಲ್ಲಿತ್ತು. ಅವನ ಕೈಯಾಡಿದ ವಸ್ತು ಅದೊಂದೇ ಉಳಿದಿತ್ತು. ಅಂದು ಅದು ಚಾಲೂ ಆಗದಿದ್ದರೆ ಸಂಜೆ ಗುಜರಿಯವನಿಗೆ ಕೊಡುವುದೆಂದು ಮನೆಯವರು ನಿಶ್ಚಯಿಸಿದ್ದರು. ಬೆಳಿಗ್ಗೆ ಪೂಜೆ ಮುಗಿಸಿ, ಕಂಪ್ಯೂಟರು ಚಾಲೂ ಆಗಲು ಬೇಕಾದ ಡಾಸ್ ತುಂಬಿದ ಮೂರು ಫ್ಲಾಪಿಗಳಿಗೂ ವಿಭೂತಿ ಹಚ್ಚಿ ಕುಳಿತೆ. ಎರಡು ಫ್ಲಾಪಿಗಳಲ್ಲಿದ್ದದ್ದು ಹಾರ್ಡ್‌ಡಿಸ್ಕಿಗೆ ಇಳಿಯಿತು. ಮೂರನೆಯದರೊಳಗೆ ಬೂದಿ ಸೇರಿ ಯಂತ್ರ ಅದನ್ನು ಓದಲೇ ಇಲ್ಲ.

“ದೊಡ್ಡಪ್ಪ, ಫ್ಲಾಪಿಗೆ ಯಾರರ ವಿಭೂತಿ ಹಚ್ತಾರೇನ್ರಿ?” ಎಂದು ವಿರೇಶನ ಮಗಳು ದೀಪಿಕಾ ನಕ್ಕಳು.

ಒರೆಸಲು ಅದನ್ನು ಹೊರತೆಗೆದೆ. ಆ ಬೇಸಿಗೆಯಲ್ಲೂ ಕೀಲಿಮಣೆ ತಣ್ಣಗಾಯಿತು. ಖಾಲಿ ಡ್ರೈವಿನ ದೀಪ ಹತ್ತಿ, ಕರಕರ ಓದುವ ಸದ್ದು ಬಂತು. ಎಂಟರ್ ಕೀಲಿ ತಾನೇ ಕುಸಿದು ಮೇಲೆದ್ದಿತು. ಡಾಸ್ ಶೇಕಡಾ ನೂರು ಇಳಿಯಿತೆಂದು ಪರದೆಯಲ್ಲಿ ಮೂಡಿತು.

“ಚಾಲೂ ಆತ್ರೀ ದೊಡ್ಡಪ್ಪ! ಗುಜರಿಯವಂಗ ಬರಬ್ಯಾಡ ಅಂತೀನಿ!” ಎಂದು ದೀಪಿಕಾ ಕುಣಿದಳು.

ಗೆದ್ದೆವೆಂದು ಶಿವನಿಗೆ ಕೈಮುಗಿದೆ. ಎರಡು ಅಂಗೈಗಳ ನಡುವೆ ಮೂರನೆಯ ಫ್ಲಾಪಿ ಇತ್ತು.